ಹಿಂದಿನ ಹಬ್ ಮೂರನೇ ಸಲ ಸೋರುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು 1998ರ ಟಾಟಾ 1613 ಲಾರಿ. ಮೊದಲು ಅಪ್ಪ ಓಡಿಸುತ್ತಿದ್ದರು, ಈಗ ನಾನು. ಹಾಸನದಿಂದ ಶಿರಾಡಿ ಘಾಟ್ ಇಳಿದು ಮಂಗಳೂರಿಗೆ ಲೋಡು ಹೊಡೆಯುತ್ತೇನೆ. ಹಿಂದಿನ ಎಡಗಡೆ ಚಕ್ರದ ಹಬ್‌ನಿಂದ (ಚಕ್ರದ ನಡುವಿನ, ಬೇರಿಂಗ್ ಕೂರುವ ಭಾಗ) ಎಣ್ಣೆ ಸೋರಿ ಬ್ರೇಕ್ ಡ್ರಮ್ ಒಳಗೆ ಇಳಿಯುತ್ತಿದೆ. ಒಂದು ವರ್ಷದಲ್ಲಿ ಮೂರು ಸಲ ಆಯಿಲ್ ಸೀಲ್ ಹಾಕಿಸಿದೆ. ಎರಡು ಮೂರು ತಿಂಗಳಿಗೆ ಮತ್ತೆ ಅದೇ ಕಥೆ. ಸೀಲ್ ಡೂಪ್ಲಿಕೇಟ್ ಇರಬೇಕು ಅಂತ ಮೇಸ್ತ್ರಿ ಹೇಳುತ್ತಾರೆ. ಬೇರಿಂಗೂ ಬದಲಿಸಬೇಕಾ? ಬಲಗಡೆಯ ಹಬ್ ಕೂಡ ಬಿಚ್ಚಬೇಕಾ?

ಉತ್ತರ: ಸೀಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಈಗ ಡ್ರಮ್ ಒಳಗೆ ಎಣ್ಣೆ ಇದೆ ಅಂದರೆ ದಯವಿಟ್ಟು ಆ ಗಾಡಿಯನ್ನು ಲೋಡ್ ಹಾಕಿ ಘಾಟ್ ಇಳಿಸಬೇಡಿ. ಡ್ರಮ್‌ಗೆ ಒತ್ತಿ ಗಾಡಿ ನಿಲ್ಲಿಸುವುದು ಲೈನರ್, ಎಣ್ಣೆ ಕುಡಿದ ಲೈನರ್ ಹಿಡಿಯುವುದಿಲ್ಲ. ಬ್ರೇಕ್ ತುಳಿದಾಗ ಗಾಡಿ ಬಲಕ್ಕೆ ಎಳೆಯುತ್ತದೆ, ಉಳಿದ ಮೂರು ಡ್ರಮ್‌ಗಳ ಮೇಲೆ ಪೂರ್ತಿ ಹೊರೆ ಬೀಳುತ್ತದೆ. ಸಕಲೇಶಪುರ ದಾಟಿ ಗುಂಡ್ಯದವರೆಗಿನ ಇಳಿಜಾರಿನಲ್ಲಿ ಇದು ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ಸೀಲ್. ಒಂದೇ ಜಾಗದಲ್ಲಿ ಮೂರು ಸೀಲ್ ಹೋಗಿದ್ದರೆ ನಾನು ಸೀಲನ್ನು ಬೈಯುವುದಿಲ್ಲ. ಡೂಪ್ಲಿಕೇಟ್ ಸೀಲ್ ಬರುತ್ತದೆ, ನಿಜ. ಆದರೆ ಒಂದು ಡೂಪ್ಲಿಕೇಟ್ ಇರಬಹುದು, ಮೂರೂ ಡೂಪ್ಲಿಕೇಟ್ ಅಂದರೆ ನಂಬುವುದು ಕಷ್ಟ. ಸೀಲ್ ಅಂದರೆ ಉಕ್ಕಿನ ಬಳೆಗೆ ಅಂಟಿಸಿದ ಒಂದು ರಬ್ಬರ್ ತುಟಿ. ಆ ತುಟಿಯನ್ನು ಒಂದು ಸಣ್ಣ ಸ್ಪ್ರಿಂಗ್ ಬಿಗಿಯಾಗಿ ಹಿಡಿದಿರುತ್ತದೆ, ಅಷ್ಟೇ. ತುಟಿ ಕೂರುವ ಜಾಗ ನಯವಾಗಿರಬೇಕು, ಹಬ್ ಓಲಾಡದೆ ತಿರುಗಬೇಕು, ಒಳಗಡೆಯಿಂದ ಒತ್ತಡ ಬರಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಎಷ್ಟೇ ದುಬಾರಿ ಸೀಲ್ ಹಾಕಿ, ಉಳಿಯುವುದಿಲ್ಲ. ನಿಮ್ಮ ಗಾಡಿಯಲ್ಲಿ ಇವುಗಳಲ್ಲಿ ಯಾವುದು ತಪ್ಪಿದೆ ಅಂತ ಹುಡುಕುವುದೇ ಕೆಲಸ.

ಬಿಚ್ಚುವ ಮೊದಲೇ ಐದು ನಿಮಿಷದಲ್ಲಿ ನೋಡಬಹುದಾದದ್ದು ಬ್ರೀದರ್. ಹಿಂದಿನ ಆಕ್ಸಲ್ ಹೌಸಿಂಗ್ (ಆಕ್ಸಲ್‌ನ ಹೊರಕವಚ) ಮೇಲ್ಭಾಗದಲ್ಲಿ ಒಂದು ಸಣ್ಣ ಮೂತಿ ಇರುತ್ತದೆ. ಗಾಡಿ ಓಡಿದಂತೆ ಅದರೊಳಗಿನ ಕ್ರೌನ್, ಪಿನಿಯನ್ ಗೇರ್‌ಗಳು, ಎಣ್ಣೆ ಎಲ್ಲವೂ ಕಾಯುತ್ತವೆ. ಒಳಗಿನ ಗಾಳಿ ಹಿಗ್ಗುತ್ತದೆ. ಆ ಗಾಳಿ ಬ್ರೀದರ್‌ನಿಂದ ಹೊರಗೆ ಹೋಗಬೇಕು. ಅದು ಕೆಸರು ಮೆತ್ತಿಕೊಂಡು ಮುಚ್ಚಿಹೋದರೆ ಗಾಳಿ ಬೇರೆ ದಾರಿ ಹುಡುಕುತ್ತದೆ, ಎಣ್ಣೆಯನ್ನು ಸೀಲಿನ ತುಟಿಯ ಕೆಳಗಿನಿಂದ ತಳ್ಳುತ್ತದೆ. ಹಳೇ ಗಾಡಿಗಳಲ್ಲಿ ಹತ್ತು ವರ್ಷ ಯಾರೂ ಮುಟ್ಟದ ಬ್ರೀದರ್ ನೋಡಿದ್ದೇನೆ. ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಬಾಯಲ್ಲಿ ಊದಬೇಡಿ, ಗಾಳಿ ಪೈಪ್ ಹಿಡಿದು ಊದಿ ನೋಡಿ. ಗಾಳಿ ಸಲೀಸಾಗಿ ಹೋಗಬೇಕು. ಇಲ್ಲದಿದ್ದರೆ ಹೊಸದು ಹಾಕಿ. ಸೀಲಿಗಿಂತ ಅಗ್ಗ.

ಅದೇ ಹೊತ್ತಿಗೆ ಹೌಸಿಂಗ್‌ನ ಎಣ್ಣೆ ಮಟ್ಟ ನೋಡಿ. ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರಬೇಕು, ತಣ್ಣಗಿರಬೇಕು. ಎಣ್ಣೆ ತುಂಬುವ ತೂತಿನ ಕೆಳಗಿನ ಅಂಚಿನವರೆಗೆ ಇದ್ದರೆ ಸಾಕು. 'ಸ್ವಲ್ಪ ಜಾಸ್ತಿ ಇರಲಿ' ಅಂತ ಗಾಡಿಯ ಒಂದು ಕಡೆ ಎತ್ತಿ ತುಂಬುವವರಿದ್ದಾರೆ. ಅದು ಒಳ್ಳೆಯದಲ್ಲ. ಜಾಸ್ತಿಯಾದ ಎಣ್ಣೆ ಆಕ್ಸಲ್ ಟ್ಯೂಬಿನೊಳಗೆ ಹರಿದು ಹಬ್‌ವರೆಗೂ ಬಂದು ನಿಲ್ಲುತ್ತದೆ.

ಎಡಗಡೆಯದೇ ಯಾಕೆ ಅಂತ ನಿಮಗೆ ಅನ್ನಿಸಿರಬಹುದು. ನಮ್ಮಲ್ಲಿ ರಸ್ತೆಯ ಎಡಕ್ಕೆ ಗಾಡಿ ಓಡುತ್ತದೆ. ಮಳೆ ನೀರು ಹರಿಯಲಿ ಅಂತ ರಸ್ತೆಯ ನಡುಭಾಗ ಉಬ್ಬಿಸಿ, ಅಂಚನ್ನು ಇಳಿಸಿರುತ್ತಾರೆ. ಹಾಗಾಗಿ ಎಡ ಚಕ್ರ ಯಾವಾಗಲೂ ಒಂದಿಷ್ಟು ತಗ್ಗಿನಲ್ಲಿರುತ್ತದೆ. ಟ್ಯೂಬಿನೊಳಗಿನ ಎಣ್ಣೆ ಎಡಕ್ಕೇ ಸರಿಯುತ್ತದೆ. ಸೈಡ್ ಕೊಡಲು ಮಣ್ಣಿಗೆ, ಕೆಸರಿಗೆ ಇಳಿಯುವುದೂ ಎಡ ಚಕ್ರವೇ. ಬ್ರೀದರ್ ಮುಚ್ಚಿದ್ದರೆ, ಎಣ್ಣೆ ಜಾಸ್ತಿ ಇದ್ದರೆ, ಮೊದಲು ಸೋರುವುದು ಎಡಗಡೆ ಅನ್ನುವುದು ನನ್ನ ಅನುಭವ.

ಸೋರುತ್ತಿರುವುದು ಏನು ಅಂತಲೂ ಬೆರಳಿಗೆ ಹಚ್ಚಿಕೊಂಡು ನೋಡಿ. ಇದು ತುಂಬಾ ಮುಖ್ಯ. ಗೇರ್ ಆಯಿಲ್‌ಗೆ ಗಂಧಕದ ಗಾಢ ವಾಸನೆ ಇರುತ್ತದೆ, ಒಮ್ಮೆ ಮೂಸಿದವರು ಮರೆಯುವುದಿಲ್ಲ. ಗ್ರೀಸ್ ಆದರೆ ದಪ್ಪಗೆ, ಮುದ್ದೆಯಾಗಿ ಬರುತ್ತದೆ. ಗ್ರೀಸ್ ತುಂಬುವ ಹಬ್‌ಗಳಲ್ಲಿ ಸಾಮಾನ್ಯವಾಗಿ ಎರಡು ಸೀಲ್ ಕೆಲಸ ಮಾಡುತ್ತವೆ. ದೊಡ್ಡದು ಹಬ್‌ನ ಒಳಮುಖದಲ್ಲಿ ಕೂತು, ಗ್ರೀಸ್ ಡ್ರಮ್‌ಗೆ ಹೋಗದಂತೆ ತಡೆಯುತ್ತದೆ. ಸಣ್ಣದು ಹೌಸಿಂಗ್ ತುದಿಯಲ್ಲಿ ಆಕ್ಸಲ್ ಶಾಫ್ಟ್ ಸುತ್ತ ಕೂತು, ಗೇರ್ ಆಯಿಲ್ ಹಬ್‌ಗೆ ಬರದಂತೆ ತಡೆಯುತ್ತದೆ. ಸಣ್ಣ ಸೀಲ್ ಹೋಯಿತು ಅಂದರೆ ಗೇರ್ ಆಯಿಲ್ ಹಬ್‌ನೊಳಗೆ ಬಂದು ಗ್ರೀಸನ್ನು ಕರಗಿಸಿ ನೀರು ಮಾಡುತ್ತದೆ. ಆ ತೆಳ್ಳನೆಯ ಗಂಜಿಯನ್ನು ದೊಡ್ಡ ಸೀಲ್ ಹಿಡಿದಿಡಲಾರದು. ಹೊರಗೆ ಕಾಣುವುದು ದೊಡ್ಡ ಸೀಲಿನ ಸೋರಿಕೆ. ಮೇಸ್ತ್ರಿ ಅದನ್ನೇ ಬದಲಿಸುತ್ತಾರೆ. ಮೂಲ ಒಳಗೇ ಉಳಿಯುತ್ತದೆ. ನಿಮ್ಮ ಡ್ರಮ್‌ನಲ್ಲಿರುವುದು ವಾಸನೆಯ ತೆಳು ಎಣ್ಣೆಯಾಗಿದ್ದರೆ ನನ್ನ ಮೊದಲ ಅನುಮಾನ ಇದೇ.

ಬಿಚ್ಚುವ ಕೆಲಸಕ್ಕೆ ಬರೋಣ. ಲಾರಿ ಖಾಲಿ ಇರಲಿ. ಗಟ್ಟಿ ನೆಲ ಇರಲಿ. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಕಟ್ಟೆ ಕೊಡಿ. ಜಾಕಿಯನ್ನು ಆಕ್ಸಲ್ ಕೆಳಗೆ, ಕಮಾನು ಪಟ್ಟಿಯ ಹತ್ತಿರ ಕೊಟ್ಟು ಎತ್ತಿ. ಎತ್ತಿದ ಮೇಲೆ ಸ್ಟ್ಯಾಂಡ್ ಅಥವಾ ಗಟ್ಟಿ ಮರದ ದಿಮ್ಮಿ ಕೊಟ್ಟು ಅದರ ಮೇಲೆ ಇಳಿಸಿ. ಬರೀ ಜಾಕಿ ನಂಬಿ ಕೆಳಗೆ ಹೋಗಬೇಡಿ. ಕಲ್ಲು, ಇಟ್ಟಿಗೆ ಇಡಲೇಬೇಡಿ, ಹೇಳದೆ ಕೇಳದೆ ಸೀಳುತ್ತವೆ. ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು, ಇಲ್ಲದಿದ್ದರೆ ಡ್ರಮ್ ಬರುವುದಿಲ್ಲ. ಗಾಡಿಗೆ ಸ್ಪ್ರಿಂಗ್ ಬ್ರೇಕ್ ಚೇಂಬರ್ (ಸ್ಪ್ರಿಂಗ್ ಬಲದಿಂದ ಬ್ರೇಕ್ ಹಿಡಿಯುವ ಡಬ್ಬ) ಇದ್ದರೆ ಅದರ ಬೋಲ್ಟ್ ಹಾಕಿ ಸ್ಪ್ರಿಂಗನ್ನು ಹಿಡಿದಿಟ್ಟುಕೊಳ್ಳಿ. ಆ ಚೇಂಬರಿನ ಬಳೆಯನ್ನು ಮಾತ್ರ ಬಿಚ್ಚಬೇಡಿ. ಒಳಗಿನ ಸ್ಪ್ರಿಂಗ್ ಚಿಮ್ಮಿದರೆ ಜೀವ ಹೋಗುತ್ತದೆ.

ಚಕ್ರ ಬಿಚ್ಚುವ ಮುಂಚೆ ಒಂದು ಪರೀಕ್ಷೆ ಮಾಡಿ. ಎತ್ತಿದ ಚಕ್ರದ ಕೆಳಗೆ ಉದ್ದನೆ ಲಿವರ್ ಕೊಟ್ಟು ಮೇಲಕ್ಕೆ ಒತ್ತಿ. ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಟಕ್ ಟಕ್ ಅಂದರೆ ಬೇರಿಂಗ್ ಸಡಿಲ. ನಿಧಾನ ತಿರುಗಿಸಿ, ಕಿವಿ ಕೊಡಿ. ಗರಗರ ಅಂದರೆ ಒಳಗೆ ಚಕ್ಕೆ ಎದ್ದಿದೆ. ಸಡಿಲ ಬೇರಿಂಗ್ ಇದ್ದರೆ ಹಬ್ ಓಲಾಡುತ್ತದೆ, ಸೀಲಿನ ತುಟಿ ಅದರ ಹಿಂದೆ ಓಡಲಾರದೆ ಒಂದು ಕಡೆ ಬಾಯಿ ಬಿಡುತ್ತದೆ, ಇನ್ನೊಂದು ಕಡೆ ಸವೆಯುತ್ತದೆ. ಮೂರು ಸೀಲ್ ತಿನ್ನುವುದಕ್ಕೆ ಇಷ್ಟು ಸಾಕು.

ನಿಮ್ಮ ಗಾಡಿಯ ಹಿಂದಿನ ಆಕ್ಸಲ್ ಫುಲ್ ಫ್ಲೋಟಿಂಗ್. ಲೋಡಿನ ಭಾರವೆಲ್ಲ ಹೌಸಿಂಗ್ ತುದಿಯ ಮೇಲೆ, ಅಲ್ಲಿರುವ ಎರಡು ಬೇರಿಂಗ್‌ಗಳ ಮೇಲೆ ಬೀಳುತ್ತದೆ. ಆಕ್ಸಲ್ ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ. ಅದಕ್ಕೇ ಚಕ್ರ ಬಿಚ್ಚದೆಯೇ ಶಾಫ್ಟ್ ಎಳೆಯಬಹುದು. ಇದರ ಇನ್ನೊಂದು ಮುಖವನ್ನೂ ತಿಳಿದಿರಿ. ಬೇರಿಂಗ್ ಪುಡಿಯಾಗಿ ಹಬ್ ನಟ್ ಬಿಟ್ಟುಕೊಂಡರೆ ಎರಡು ಚಕ್ರ, ಡ್ರಮ್, ಹಬ್, ಶಾಫ್ಟ್ ಎಲ್ಲ ಒಟ್ಟಿಗೇ ಹೊರಗೆ ಬರುತ್ತವೆ. ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಹಾಗೆ ಬಂದ ಒಂದು ಲಾರಿಯನ್ನು ಹೆದ್ದಾರಿಯಿಂದ ಎಳೆದು ತಂದಿದ್ದೆವು. ಹಿಂದಿನ ವಾರ ಹಬ್ ಬಿಗಿದಿದ್ದವರು, ನಟ್ ತಾನಾಗಿ ಬಿಚ್ಚದಂತೆ ಹಿಡಿಯುವ ಲಾಕ್ ವಾಶರ್‌ನ ಕಿವಿ ಮಡಿಸಿರಲಿಲ್ಲ. ಯಾರಿಗೂ ಏಟಾಗಲಿಲ್ಲ. ಅವತ್ತಿನಿಂದ ನಾನು ಲಾಕ್ ವಾಶರ್ ಮುಟ್ಟಿ ನೋಡದೆ ಯಾವ ಹಬ್ ಮುಚ್ಚಿಲ್ಲ.

ಶಾಫ್ಟ್ ಫ್ಲ್ಯಾಂಜ್‌ನ ನಟ್ ಬಿಚ್ಚಿ. ಸ್ಟಡ್ ಸುತ್ತ ಕೋನ್ ವಾಶರ್ ಇದ್ದರೆ ಸುಮ್ನೆ ಎಳೆದರೆ ಬರುವುದಿಲ್ಲ. ಫ್ಲ್ಯಾಂಜ್ ನಡುವೆ ಭಾರದ ಸುತ್ತಿಗೆಯಿಂದ ಒಂದೆರಡು ಏಟು ಹಾಕಿದರೆ ಅವು ತಾವೇ ಸಡಿಲವಾಗುತ್ತವೆ. ಫ್ಲ್ಯಾಂಜ್‌ನಲ್ಲಿ ಥ್ರೆಡ್ ಇರುವ ತೂತಿದ್ದರೆ ಅದರಲ್ಲಿ ಬೋಲ್ಟ್ ಹಾಕಿ ಬಿಗಿದರೆ ಶಾಫ್ಟ್ ಹೊರಬರುತ್ತದೆ. ಸಂದಿಗೆ ಉಳಿ ಹೊಡೆದರೆ ಮುಖ ಗಾಯವಾಗಿ, ಮುಂದೆ ಅಲ್ಲಿಂದಲೇ ಸೋರುತ್ತದೆ. ಶಾಫ್ಟನ್ನು ನೇರವಾಗಿ ಎಳೆಯಿರಿ, ಸಣ್ಣ ಸೀಲಿನ ಮೇಲೆ ಅದರ ಭಾರ ಬಿಡಬೇಡಿ. ವಾಪಸ್ ಹಾಕುವಾಗಲೂ ಅಷ್ಟೇ. ಹೊಸ ಸೀಲ್ ಹಾಕಿ, ಆಮೇಲೆ ಶಾಫ್ಟಿನ ಹಲ್ಲುಗಳನ್ನು ಅದರ ತುಟಿಯ ಮೇಲೆ ಉಜ್ಜಿ ತಳ್ಳಿದರೆ ಗ್ಯಾರೇಜಿನಿಂದ ಹೊರಡುವ ಮೊದಲೇ ಸೀಲ್ ಹರಿದಿರುತ್ತದೆ.

ಹಬ್ ನಟ್ ಬಿಚ್ಚಲು ಅದರದೇ ಬಾಕ್ಸ್ ಪಾನಾ ಬೇಕು. ಉಳಿ, ಸುತ್ತಿಗೆಯಿಂದ ಬಿಚ್ಚಿದ ನಟ್‌ಗಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅಂಥ ನಟ್ ಮತ್ತೆ ಸರಿಯಾಗಿ ಕೂರುವುದಿಲ್ಲ. ಪಾನಾ ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ. ಹಬ್, ಡ್ರಮ್ ಎಳೆಯುವಾಗ ಇಬ್ಬರು ಇರಿ. ಟ್ರಾಲಿ ಜಾಕಿಯ ಮೇಲೆ ಭಾರ ಹೊರಿಸಿ ನೇರವಾಗಿ ಎಳೆದರೆ ಥ್ರೆಡ್ ಹಾಳಾಗುವುದಿಲ್ಲ. ಡ್ರಮ್ ಒಳಗಿನ ಧೂಳನ್ನು ಗಾಳಿ ಪೈಪ್‌ನಿಂದ ಊದಬೇಡಿ. ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಈಗ ನಿಧಾನವಾಗಿ ನೋಡುವ ಹೊತ್ತು. ಸೀಲಿನ ತುಟಿ ಕೂರುವ ಕಾಲರ್ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಇದ್ದರೆ ಹೊಸ ಸೀಲ್ ಅಲ್ಲಿ ನಿಲ್ಲುವುದಿಲ್ಲ. 28 ವರ್ಷ ಒಂದೇ ಜಾಗದಲ್ಲಿ ರಬ್ಬರ್ ಮತ್ತು ಧೂಳು ಉಜ್ಜಿದರೆ ಉಕ್ಕೂ ಸವೆಯುತ್ತದೆ. ಕಾಲರ್ ಬೇರೆಯಾಗಿ ಬರುವಂಥದ್ದಾದರೆ ಬದಲಿಸಿ. ಇಲ್ಲದಿದ್ದರೆ ಸವೆದ ಜಾಗದ ಮೇಲೆ ತೊಡಿಸುವ ತೆಳ್ಳನೆ ಉಕ್ಕಿನ ಸ್ಲೀವ್ ಸಿಗುತ್ತದೆ. ಎಮೆರಿ ಹಾಳೆಯಿಂದ ಉದ್ದುದ್ದ ಉಜ್ಜಿ 'ನಯ ಮಾಡಿದೆ' ಅನ್ನುವುದು ಬೇಡ. ಆ ಅಡ್ಡ ಗೀರುಗಳೇ ಎಣ್ಣೆಗೆ ಕಾಲುವೆ. ನಿಮ್ಮ ಮೂರು ಸಲದಲ್ಲಿ ಈ ಜಾಗಕ್ಕೆ ಯಾರಾದರೂ ಉಗುರು ಹಚ್ಚಿ ನೋಡಿದ್ದರಾ, ಮೇಸ್ತ್ರಿಯನ್ನು ಕೇಳಿ.

ಬೇರಿಂಗ್‌ಗಳನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆಯಿರಿ, ಪೆಟ್ರೋಲ್ ಬೇಡ. ಒಣಗಿಸುವಾಗ ಗಾಳಿ ಬಿಟ್ಟು ಗಿರಗಿರ ತಿರುಗಿಸುವ ಹುಡುಗರಿದ್ದಾರೆ. ಎಣ್ಣೆ ಇಲ್ಲದೆ ಹಾಗೆ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ, ರೋಲರ್ ಹಾರಿದರೆ ಕಣ್ಣು ಹೋಗುತ್ತದೆ. ಇವು ಟೇಪರ್ ರೋಲರ್ ಬೇರಿಂಗ್. ರೋಲರ್ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಅಮೆರಿಕದಲ್ಲಿ ಕುದುರೆ ಸಾರೋಟು ಮಾಡುತ್ತಿದ್ದ ಹೆನ್ರಿ ಟಿಮ್ಕೆನ್ 1898ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ತಿರುವಿನಲ್ಲಿ ಚಕ್ರದ ಮೇಲೆ ಪಕ್ಕದಿಂದ ಬೀಳುವ ಒತ್ತಡ ಅವರನ್ನು ಕಾಡಿತ್ತು. ನೇರ ಭಾರ, ಪಕ್ಕದ ಭಾರ ಎರಡನ್ನೂ ಹೊರುವ ಬೇರಿಂಗ್ ಇದು. ಎರಡನ್ನು ಎದುರುಬದುರು ಕೂರಿಸಿದರೆ ಹಬ್ ಆಚೆ ಈಚೆ ಸರಿಯುವುದಿಲ್ಲ.

ಬೆಳಕಿನಲ್ಲಿ ರೋಲರ್, ಕಪ್ (ರೋಲರ್ ಉರುಳುವ ಹೊರ ಬಳೆ) ಎರಡನ್ನೂ ನೋಡಿ. ಚಕ್ಕೆ ಎದ್ದಿದ್ದರೆ, ತುಕ್ಕಿನ ಗುಳಿ ಇದ್ದರೆ, ರೋಲರ್ ಕೂತ ಜಾಗದಲ್ಲೆಲ್ಲ ಒಂದೇ ಅಂತರದ ಗೆರೆ ಮೂಡಿದ್ದರೆ, ನೀಲಿ ಬಣ್ಣ ತಿರುಗಿದ್ದರೆ ಬದಲಿಸಿ. ನೀಲಿ ಅಂದರೆ ಅದು ಕಾದು ತನ್ನ ಗಟ್ಟಿತನ ಕಳೆದುಕೊಂಡಿದೆ. ಕೋನ್ (ರೋಲರ್ ಕೂತಿರುವ ಒಳ ಬಳೆ) ಒಂದನ್ನೇ ಬದಲಿಸಿ ಹಳೇ ಕಪ್ ಉಳಿಸುವುದು ಉಳಿತಾಯವಲ್ಲ. ಯಾವಾಗಲೂ ಜೋಡಿಯಾಗಿ ಹಾಕಿ. ಕಪ್ ತೆಗೆಯಲು ಹಿತ್ತಾಳೆ ಅಥವಾ ಮೆತ್ತನೆ ಉಕ್ಕಿನ ಸರಳು ಬಳಸಿ, ಎದುರುಬದುರು ಸ್ವಲ್ಪ ಸ್ವಲ್ಪ ಹೊಡೆಯಿರಿ. ಹೊಸದು ತಳ ಮುಟ್ಟಿದಾಗ ಸುತ್ತಿಗೆಯ ಸದ್ದು ಬದಲಾಗುತ್ತದೆ, ಕಿವಿಗೆ ಗೊತ್ತಾಗುತ್ತದೆ. ಕಪ್ ಕೈಯಲ್ಲೇ ಒಳಗೆ ಹೋಗುವಷ್ಟು ಹಬ್ ಸವೆದಿದ್ದರೆ ಅದರ ಒಳಗೋಡೆಗೆ ಪಂಚ್ ಹೊಡೆದು ಬಿಗಿ ಮಾಡುವುದು ನಮ್ಮ ಕಡೆ ನಡೆದು ಬಂದಿದೆ. ನಾನು ಒಪ್ಪುವುದಿಲ್ಲ. ಆ ಚುಕ್ಕೆಗಳು ಕೆಲವೇ ದಿನದಲ್ಲಿ ಕೂತುಹೋಗುತ್ತವೆ, ಕಪ್ ಮತ್ತೆ ತಿರುಗುತ್ತದೆ. ಹಬ್ ಬದಲಿಸಬೇಕು.

ಗ್ರೀಸ್ ವಿಷಯದಲ್ಲಿ ಘಾಟ್ ಇಳಿಯುವವರು ಹೆಚ್ಚು ಎಚ್ಚರ ಇರಬೇಕು. ಡ್ರಮ್‌ನ ಕಾವು ನೇರವಾಗಿ ಹಬ್‌ಗೆ ಬರುತ್ತದೆ. ಚಾಸಿಗೆ ಹೊಡೆಯುವ ಮಾಮೂಲಿ ಕ್ಯಾಲ್ಸಿಯಂ ಗ್ರೀಸ್ ಸುಮಾರು 100 ಡಿಗ್ರಿಗೆ ಬರುವಷ್ಟರಲ್ಲಿ ಕರಗಿ ಹನಿಯುತ್ತದೆ. ಲಿಥಿಯಂ ಗ್ರೀಸ್ ಸುಮಾರು 180 ಡಿಗ್ರಿಯವರೆಗೆ ಹನಿಯುವುದಿಲ್ಲ, ಲಿಥಿಯಂ ಕಾಂಪ್ಲೆಕ್ಸ್ ಅದಕ್ಕಿಂತ ಮೇಲೆ. ಡಬ್ಬದ ಮೇಲೆ ವೀಲ್ ಬೇರಿಂಗ್ ಅಂತ ಬರೆದಿರುವುದನ್ನೇ ತಗೊಳ್ಳಿ. ಹಳೆಯದನ್ನು ಪೂರ್ತಿ ತೆಗೆಯಿರಿ, ಎರಡು ಜಾತಿಯ ಗ್ರೀಸ್ ಬೆರೆಸಬೇಡಿ. ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ಬೇರಿಂಗಿನ ದಪ್ಪ ಬದಿಯಿಂದ ಒತ್ತಿ, ಇನ್ನೊಂದು ಬದಿಯಲ್ಲಿ ಹೊರಬರುವವರೆಗೂ ತುಂಬಿ. ಹಬ್‌ನ ಹೊಟ್ಟೆಗೆ ಮಾತ್ರ ಪೂರ್ತಿ ತುಂಬಬೇಡಿ. ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಸಾಕು. ಜಾಸ್ತಿ ಗ್ರೀಸ್ ಕಡೆದು ಕಾಯುತ್ತದೆ, ಸೀಲಿನ ಮೇಲೆ ಒತ್ತುತ್ತದೆ.

ಸೀಲಿನ ಸ್ಪ್ರಿಂಗ್ ಇರುವ ಬದಿ ಎಣ್ಣೆ ಅಥವಾ ಗ್ರೀಸ್ ಇರುವ ಕಡೆಗೆ ಇರಬೇಕು. ತುಟಿಗೆ ಗ್ರೀಸ್ ಹಚ್ಚಿ, ಒಣ ರಬ್ಬರ್ ಮೊದಲ ಕಿಲೋಮೀಟರಿನಲ್ಲೇ ಸುಡುತ್ತದೆ. ಒಂದೊಂದೇ ಅಂಚಿಗೆ ಸುತ್ತಿಗೆ ಹೊಡೆದರೆ ಸೀಲ್ ಓರೆಯಾಗುತ್ತದೆ. ಅದೇ ಅಳತೆಯ ಹಳೇ ಕಪ್ ಅಥವಾ ಚಪ್ಪಟೆ ಮರದ ಹಲಗೆ ಇಟ್ಟು ಸಮನಾಗಿ ಕೂರಿಸಿ.

ಕೊನೆಗೆ ಬಿಗಿಯುವ ಕೆಲಸ. ಇಡೀ ಕೆಲಸದಲ್ಲಿ ಹೆಚ್ಚು ತಪ್ಪಾಗುವುದು ಇಲ್ಲೇ. ಹಬ್ ತಿರುಗಿಸುತ್ತಲೇ ಒಳಗಿನ ನಟ್ ಬಿಗಿಯಿರಿ, ರೋಲರ್‌ಗಳು ತಮ್ಮ ಜಾಗಕ್ಕೆ ಕೂರಲಿ. ಹಬ್ ಭಾರ ಅನ್ನಿಸಿದ ಮೇಲೆ ಪೂರ್ತಿ ಸಡಿಲಿಸಿ, ಮತ್ತೆ ಹಗುರವಾಗಿ ಬಿಗಿದು, ಸ್ವಲ್ಪ ಹಿಂದಕ್ಕೆ ತನ್ನಿ. ಎಷ್ಟು ಬಲ, ಎಷ್ಟು ಹಿಂದಕ್ಕೆ ಅನ್ನುವುದನ್ನು ನಿಮ್ಮ ಮಾಡೆಲ್‌ನ ಕಂಪನಿ ಪುಸ್ತಕದಲ್ಲಿ ನೋಡಿ, ಗಾಡಿಯಿಂದ ಗಾಡಿಗೆ ಬದಲಾಗುತ್ತದೆ. ವಾಶರ್, ಹೊರಗಿನ ಲಾಕ್ ನಟ್ ಹಾಕಿ ಬಿಗಿದ ಮೇಲೆ ಮತ್ತೆ ಪರೀಕ್ಷಿಸಿ. ಹೊರ ನಟ್ ಬಿಗಿದಾಗ ಅದು ಒಳ ನಟ್ಟನ್ನು ಥ್ರೆಡ್ಡಿನ ಸಂದಿನಷ್ಟು ಒಳಗೆ ತಳ್ಳುತ್ತದೆ. ಮೊದಲು ಸರಿಯಿದ್ದ ಪ್ಲೇ, ಅಂದರೆ ಹಬ್ ಒಳಗೆ ಹೊರಗೆ ಸರಿದಾಡುವ ಸಣ್ಣ ಜಾಗ, ಆಗ ಮಾಯವಾಗಬಹುದು.

ಮ್ಯಾಗ್ನೆಟ್ ಕಾಲಿನ ಡಯಲ್ ಗೇಜ್ ಇಟ್ಟು ಹಬ್ಬನ್ನು ಹೊರಕ್ಕೆ ಒಳಕ್ಕೆ ಎಳೆದು ನೋಡಿ. ಭಾರಿ ವಾಹನಗಳಿಗೆ ಅಮೆರಿಕದ ಲಾರಿ ನಿರ್ವಹಣೆಯವರು ಈ ಪ್ಲೇಗೆ ಇಟ್ಟುಕೊಂಡಿರುವ ಮಿತಿ 0.025ರಿಂದ 0.125 ಮಿಲಿಮೀಟರ್. ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪವೇ ಸುಮಾರು 0.1 ಮಿಲಿಮೀಟರ್. ಅಂದರೆ ಒಂದು ಹಾಳೆಯಷ್ಟು ಜಾಗದಲ್ಲಿ ಆಟ ಮುಗಿಯಬೇಕು. ಇದು ಕೈಗೆ ತಿಳಿಯುವುದಿಲ್ಲ. 'ನನ್ನ ಕೈಗೆ ಗೊತ್ತಾಗುತ್ತೆ' ಅಂತ ನಾನೂ ತುಂಬಾ ವರ್ಷ ನಂಬಿದ್ದೆ. ಗೇಜ್ ಇಟ್ಟು ನೋಡಿದ ದಿನ ಬಿಟ್ಟುಬಿಟ್ಟೆ. ತೀರಾ ಬಿಗಿಯಾದ ಬೇರಿಂಗ್ ಸಡಿಲವಾದದ್ದಕ್ಕಿಂತ ಬೇಗ ಸುಟ್ಟುಹೋಗುತ್ತದೆ, ಹಾಗಾಗಿ ಅನುಮಾನ ಬಂದರೆ ಇನ್ನಷ್ಟು ಬಿಗಿಯಬೇಡಿ, ಮೊದಲಿನಿಂದ ಮಾಡಿ. ಲಾಕ್ ವಾಶರ್ ಹೊಸದೇ ಹಾಕಿ, ಕಿವಿಯನ್ನು ನಟ್‌ನ ಮುಖಕ್ಕೆ ಪೂರ್ತಿ ಮಡಿಸಿ. ಶಾಫ್ಟ್ ಫ್ಲ್ಯಾಂಜ್‌ಗೆ ಹೊಸ ಪ್ಯಾಕಿಂಗ್ ಹಾಕಿ.

ಎಣ್ಣೆ ಕುಡಿದ ಲೈನರ್ ತೊಳೆದು, ಬೆಂಕಿ ಹಚ್ಚಿ ಮತ್ತೆ ಹಾಕಬೇಡಿ. ಮೇಲೆ ಒಣಗಿದಂತೆ ಕಾಣುತ್ತದೆ, ಕಾದಾಗ ಒಳಗಿನ ಎಣ್ಣೆ ಮತ್ತೆ ಬೆವರುತ್ತದೆ. ಹಿಂದಿನ ಎರಡೂ ಕಡೆ ಹೊಸ ಲೈನರ್ ಹಾಕಿ, ಇಲ್ಲದಿದ್ದರೆ ಬ್ರೇಕ್ ಸಮ ಬರುವುದಿಲ್ಲ.

ಕೆಲಸ ಮುಗಿದ ಮೇಲೆ ಖಾಲಿ ಗಾಡಿಯನ್ನು ಬ್ರೇಕ್ ಜಾಸ್ತಿ ಬಳಸದೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ. ಎಡ, ಬಲ ಎರಡೂ ಹಬ್‌ಗೆ ಕೈ ಹತ್ತಿರ ತಂದು, ಆಮೇಲೆ ಮುಟ್ಟಿ ನೋಡಿ. ಬೆಚ್ಚಗಿರುವುದು ಸಹಜ. ಒಂದು ಮಾತ್ರ ಕೈ ಇಡಲಾರದಷ್ಟು ಕಾದಿದ್ದರೆ ಬಿಗಿ ಜಾಸ್ತಿಯಾಗಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ. ಮಾರನೇ ದಿನ ಚಕ್ರದ ನಟ್ ಮತ್ತೊಮ್ಮೆ ಬಿಗಿ ನೋಡಿ. ಮಳೆಗಾಲದಲ್ಲಿ ಘಾಟ್ ಇಳಿದ ಕೂಡಲೇ ಹಳ್ಳದ ನೀರಿಗೆ ಗಾಡಿ ಇಳಿಸಬೇಡಿ. ಕಾದ ಹಬ್ ಥಟ್ಟನೆ ತಣ್ಣಗಾದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನೀರು ಬೆರೆತ ಗ್ರೀಸ್ ಹಾಲಿನಂತೆ ಬೆಳ್ಳಗಾಗುತ್ತದೆ. ಬಿಚ್ಚಿದಾಗ ಆ ಬಣ್ಣ ಕಂಡರೆ ಬೇರಿಂಗಿನಲ್ಲಿ ತುಕ್ಕಿನ ಗುಳಿ ಹುಡುಕಿ.

ಬೇರಿಂಗ್ ಬದಲಿಸಬೇಕಾ ಅಂತ ಕೇಳಿದ್ದಿರಿ. ನಾನು ಕಣ್ಣಾರೆ ನೋಡದೆ ಹೇಳಲಾರೆ, ತೊಳೆದ ಮೇಲೆ ಮೇಲಿನ ಗುರುತುಗಳೇ ಹೇಳುತ್ತವೆ. ಬದಲಿಸಿದರೆ ಬಿಲ್ ಕೊಡುವ ಅಂಗಡಿಯಲ್ಲೇ ತಗೊಳ್ಳಿ, ಬೇರಿಂಗ್ ಮೇಲಿನ ನಂಬರ್ ಡಬ್ಬದ ನಂಬರಿಗೆ ಸರಿಹೊಂದುತ್ತದಾ ನೋಡಿ. ಬಲಗಡೆಯ ಹಬ್ ಮಾತ್ರ ಖಂಡಿತ ಬಿಚ್ಚಿಸಿ. ಹೇಗೂ ಲೈನರ್‌ಗಾಗಿ ಆ ಡ್ರಮ್ ತೆಗೆಯಲೇಬೇಕು. ಅದೂ ಇಷ್ಟೇ ವರ್ಷ, ಇದೇ ಘಾಟ್‌ನಲ್ಲಿ ದುಡಿದಿದೆ. ಬಿಚ್ಚಿದ ತಾರೀಕು, ಕಿಲೋಮೀಟರ್ ಎರಡನ್ನೂ ಗಾಡಿಯ ಪುಸ್ತಕದಲ್ಲಿ ಬರೆದಿಡಿ. ಬ್ರೀದರ್ ಬಿಚ್ಚಿದಾಗ ಏನು ಕಂಡಿತು, ಸಣ್ಣ ಸೀಲ್ ಹೇಗಿತ್ತು ಅಂತ ನನಗೂ ಬರೆಯಿರಿ.